ಫೈಲ್ ಓಪನ್ ಆಗ್ತಿಲ್ವಾ? ಮೊದಲು ಒಂದು ಕಾಪಿ ಮಾಡಿ

ಸಂಪಾದಕರಿಗೆ ನಮಸ್ಕಾರ.

ಪತ್ರಿಕೆಗಳ ತಂತ್ರಜ್ಞಾನದ ಪುಟದಲ್ಲಿ ಹೊಸ ಫೋನು, ಹೊಸ ಆ್ಯಪ್‌ಗಳ ಸುದ್ದಿ ಬೇಕಾದಷ್ಟು ಬರುತ್ತದೆ. ಆದರೆ ದಿನಾ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಬರೆಯುವವರ ಎದೆ ಧಸಕ್ ಅನ್ನಿಸುವ ಒಂದು ವಿಷಯವಿದೆ, ಅದರ ಬಗ್ಗೆ ಓದಲು ಏನೂ ಸಿಗುವುದಿಲ್ಲ. ಬೆಳಿಗ್ಗೆ ಬಂದು ಎಕ್ಸೆಲ್ ಫೈಲ್ ಮೇಲೆ ಎರಡು ಸಲ ಒತ್ತುತ್ತೀರಿ, ಅದು ತೆರೆಯುವುದಿಲ್ಲ. ಫೈಲಿನ ಮಾದರಿಯೋ ಎಕ್ಸ್‌ಟೆನ್ಶನ್ನೋ (ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕಿಯ ಆಚೆ ಬರುವ ಅಕ್ಷರಗಳು) ಸರಿಯಿಲ್ಲ ಅಂತ ಇಂಗ್ಲಿಷಿನಲ್ಲಿ ಒಂದು ಪುಟ್ಟ ಪೆಟ್ಟಿಗೆ ಬರುತ್ತದೆ. ಓಕೆ ಒತ್ತಿದರೆ ಅದೂ ಹೋಗುತ್ತದೆ. ಮುಂದೇನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ.

ನಮ್ಮ ಆಫೀಸಿನಲ್ಲಿ ಇಂಥ ಫೈಲುಗಳೆಲ್ಲ ಕೊನೆಗೆ ನನ್ನ ಮೇಜಿಗೇ ಬರುತ್ತವೆ. ವರ್ಷಗಟ್ಟಲೆ ಇದನ್ನು ನೋಡಿದ ಮೇಲೆ ನನಗೆ ಖಾತ್ರಿಯಾದ ಮಾತು ಇಷ್ಟೇ. ಫೈಲ್ ತೆರೆಯದೇ ಹೋದಾಗ ಒಳಗಿನದ್ದು ಸಾಮಾನ್ಯವಾಗಿ ಪೂರ್ತಿ ಹೋಗಿರುವುದಿಲ್ಲ, ಆಮೇಲಿನ ಅರ್ಧ ಗಂಟೆಯಲ್ಲಿ ಗಾಬರಿಯಿಂದ ನಾವು ಮಾಡುವ ಕೆಲಸಗಳೇ ಜಾಸ್ತಿ ಹಾಳು ಮಾಡುತ್ತವೆ. ಹೆಸರು ಬದಲಿಸುತ್ತೇವೆ, ಅದರ ಮೇಲೇ ಮತ್ತೆ ಸೇವ್ ಮಾಡುತ್ತೇವೆ, ಕೆಟ್ಟ ಫೈಲನ್ನು ತಗೊಂಡು ಹೋಗಿ ಇನ್ನೊಂದು ಕಡೆ ಇದ್ದ ಒಳ್ಳೆಯ ಹಳೇ ಫೈಲಿನ ಮೇಲೆ ಹಾಕಿ 'ರಿಪ್ಲೇಸ್' ಒತ್ತಿಬಿಡುತ್ತೇವೆ. ಇದೊಂದು ಮಾತ್ರ ಖಂಡಿತ ಮಾಡಬೇಡಿ. ಮೊದಲು ಆ ಫೈಲನ್ನು ಬೇರೆ ಫೋಲ್ಡರಿಗೆ ಕಾಪಿ ಮಾಡಿಕೊಳ್ಳಿ, ಮೂಲ ಫೈಲನ್ನು ಮುಟ್ಟದೆ ಬಿಡಿ. ಏನೇ ಪ್ರಯೋಗ ಮಾಡುವುದಿದ್ದರೂ ಕಾಪಿಯ ಮೇಲೆ ಮಾಡಿ.

ಆ ಪೆಟ್ಟಿಗೆಯ ಮಾತು ದಾರಿ ತಪ್ಪಿಸುವಂಥದ್ದು, ನನಗೆ ಸಿಟ್ಟು ಬರುವುದು ಅಲ್ಲೇ. 'ಎಕ್ಸ್‌ಟೆನ್ಶನ್ ಸರಿಯಿಲ್ಲ' ಅಂತ ಓದಿದವರು ಸಹಜವಾಗಿ ಎಕ್ಸ್‌ಟೆನ್ಶನ್ ಬದಲಿಸಲು ಹೋಗುತ್ತಾರೆ, ಅಲ್ವಾ? ಎಕ್ಸ್‌ಟೆನ್ಶನ್ ಅಂದರೆ ಡಬ್ಬದ ಮೇಲಿನ ಚೀಟಿ ಅಷ್ಟೇ, ಚೀಟಿ ಬದಲಿಸಿದರೆ ಒಳಗಿನ ಸಾಮಾನು ಬದಲಾಗುವುದಿಲ್ಲ. ಅರ್ಧ ಡೌನ್‌ಲೋಡ್ ಆದ ಫೈಲಿಗೂ ಅದೇ ಮಾತು, ಕರೆಂಟ್ ಹೋಗಿ ಕೆಟ್ಟ ಫೈಲಿಗೂ ಅದೇ ಮಾತು, ಬೇರೆ ಜಾತಿಯ ಫೈಲಿಗೆ ಎಕ್ಸೆಲ್ ಹೆಸರು ಕೊಟ್ಟಿದ್ದರೂ ಅದೇ ಮಾತು. ರೋಗ ಮೂರು, ಚೀಟಿ ಒಂದೇ.

ಯಾವ ರೋಗ ಅಂತ ತಿಳಿಯಲು ಒಂದು ಸುಲಭದ ದಾರಿ ಇದೆ. ಕಾಪಿ ಮಾಡಿದ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಗಜಿಬಿಜಿ ಅಕ್ಷರ ಕಾಣುತ್ತದೆ, ಹೆದರಬೇಡಿ, ಸೇವ್ ಮಾತ್ರ ಮಾಡಬೇಡಿ. 2007ರ ಎಕ್ಸೆಲ್‌ನಿಂದ ಈಚೆಗೆ ಬಂದ ಫೈಲ್ ಆಗಿದ್ದರೆ ಮೊಟ್ಟಮೊದಲು 'ಪಿ' ಮತ್ತು 'ಕೆ' ಅನ್ನುವ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಹಲವು ಫೈಲುಗಳನ್ನು ಒತ್ತಿ ಒಂದೇ ಗಂಟು ಕಟ್ಟುವ ಜಿಪ್ ಮಾದರಿಯನ್ನು 1989ರಲ್ಲಿ ಹೊರತಂದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ಈಗಿನ ಎಕ್ಸೆಲ್ ಫೈಲ್ ಅಂದರೆ ನಿಜವಾಗಿ ಒಂದು ಜಿಪ್ ಗಂಟು, ಅದರೊಳಗೆ ಸಣ್ಣ ಸಣ್ಣ ಫೈಲುಗಳು ಇರುತ್ತವೆ. 'ಪಿಕೆ' ಕಂಡರೆ ಗಂಟಿನ ತಲೆಯಾದರೂ ಸರಿಯಿದೆ ಅಂತ ಅರ್ಥ. ಅದರ ಬದಲು ವೆಬ್ ಪುಟದ ಕೋಡ್ ಕಂಡರೆ, ಯಾವುದೋ ವೆಬ್‌ಸೈಟ್ ತನ್ನ ಪುಟಕ್ಕೇ ಎಕ್ಸೆಲ್ ಹೆಸರಿಟ್ಟು ಕಳಿಸಿದೆ, ಬ್ರೌಸರಿನಲ್ಲಿ ತೆರೆದರೆ ಕಾಣುತ್ತದೆ. ಪಾಸ್‌ವರ್ಡ್ ಹಾಕಿ ತೆರೆಯದಂತೆ ಮುಚ್ಚಿದ ಫೈಲಿನಲ್ಲಿ 'ಪಿಕೆ' ಇರುವುದಿಲ್ಲ, ಅದನ್ನು ನೋಡಿ ಗಾಬರಿಯಾಗಬೇಡಿ. ಆದರೆ ಫೈಲಿನ ಸೈಜ್ ಸರಿಯಾಗಿದ್ದು ಒಳಗೆ ಮೊದಲಿಂದ ಕೊನೆಯವರೆಗೂ ಬರೀ ಖಾಲಿ ಕಂಡರೆ, ಸೇವ್ ಆಗುತ್ತಿರುವಾಗ ಕಂಪ್ಯೂಟರ್ ಆಫ್ ಆಗಿ ಬರೀ ಸೊನ್ನೆಗಳು ತುಂಬಿವೆ ಅಂತ ತಿಳಿಯಿರಿ. ಆ ಫೈಲಿನಿಂದ ಯಾರೂ ಏನನ್ನೂ ತೆಗೆಯಲಾರರು. ಅದಕ್ಕೆ ರಿಪೇರಿ ಸಾಫ್ಟ್‌ವೇರ್ ಅಂತ ದುಡ್ಡು ಕಟ್ಟಬೇಡಿ, ಬ್ಯಾಕಪ್ ಹುಡುಕಿ.

ಸಿಎಸ್‌ವಿ, ಅಂದರೆ ಅಲ್ಪವಿರಾಮ ಹಾಕಿ ಕಾಲಂ ಬೇರ್ಪಡಿಸಿದ ಬರೀ ಅಕ್ಷರಗಳ ಫೈಲ್, ಅದರ ಒಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ಮೊದಲ ಸೆಲ್‌ನಲ್ಲಿ ದೊಡ್ಡಕ್ಷರದಲ್ಲಿ 'ಐಡಿ' ಅಂತ ಇಂಗ್ಲಿಷಿನಲ್ಲಿ ಬರೆದಿದ್ದರೆ, ಎಕ್ಸೆಲ್ ಅದನ್ನು ಸಿಲ್ಕ್ ಅನ್ನುವ ಹಳೇ ಮಾದರಿಯ ಫೈಲ್ ಅಂದುಕೊಂಡು ತಕರಾರು ಮಾಡುತ್ತದೆ. ನೋಟ್‌ಪ್ಯಾಡಿನಲ್ಲಿ ಅದನ್ನು ಸಣ್ಣಕ್ಷರ ಮಾಡಿದರೆ ಸಾಕು. ಫೋಲ್ಡರಿನೊಳಗೆ ಫೋಲ್ಡರ್ ಇಟ್ಟು ಹೆಸರೆಲ್ಲ ಸೇರಿ 218 ಅಕ್ಷರ ದಾಟಿದರೂ ಎಕ್ಸೆಲ್ ತೆರೆಯುವುದಿಲ್ಲ, ಫೈಲನ್ನು ಡೆಸ್ಕ್‌ಟಾಪಿಗೆ ತಂದರೆ ತೆರೆಯುತ್ತದೆ. ಇವೆರಡರಲ್ಲೂ ಫೈಲಿಗೆ ಏನೂ ಆಗಿರುವುದಿಲ್ಲ.

ನಿಜವಾಗಿ ಕೆಟ್ಟಿದ್ದರೆ ಎಕ್ಸೆಲ್‌ನಲ್ಲೇ ರಿಪೇರಿ ಇದೆ, ತುಂಬಾ ಜನ ಅದನ್ನು ನೋಡಿಯೇ ಇಲ್ಲ. ಫೈಲ್ ಮೆನುವಿನಲ್ಲಿ ಓಪನ್, ಅಲ್ಲಿಂದ ಬ್ರೌಸ್. ಫೈಲನ್ನು ಒಂದೇ ಸಲ ಒತ್ತಿ ಆರಿಸಿಕೊಳ್ಳಿ. ಕೆಳಗೆ ಓಪನ್ ಬಟನ್ನಿಗೆ ಅಂಟಿಕೊಂಡೇ ಒಂದು ಸಣ್ಣ ಬಾಣದ ಗುರುತು ಇರುತ್ತದೆ, ಅದನ್ನು ಒತ್ತಿದರೆ 'ಓಪನ್ ಆ್ಯಂಡ್ ರಿಪೇರ್' ಸಿಗುತ್ತದೆ. ಮೊದಲು ರಿಪೇರ್ ಕೊಡಿ. ಆಗದಿದ್ದರೆ 'ಎಕ್ಸ್‌ಟ್ರ್ಯಾಕ್ಟ್ ಡೇಟಾ' ಕೊಡಿ, ಫಾರ್ಮುಲಾ ಹೋದರೂ ಅಂಕಿಗಳು ಉಳಿಯಬಹುದು. ಅದೂ ಆಗದಿದ್ದರೆ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದು ನೋಡಿ. ಎಕ್ಸೆಲ್ ಆಗುವುದಿಲ್ಲ ಅಂದ ಫೈಲನ್ನು ಕ್ಯಾಲ್ಕ್ ತೆರೆದುಕೊಟ್ಟದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಈ ಪತ್ರ ಬರೆಯಲು ಕಾರಣವಾದ ಫೈಲಿನ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಲೆಕ್ಕ ನೋಡಿಕೊಳ್ಳುವ ಮೇಡಂ ಒಬ್ಬರು ಎರಡು ವರ್ಷದ ಲೆಕ್ಕ ಇದ್ದ ಫೈಲನ್ನು ಕಟ್ ಮಾಡಿ ಪೆನ್‌ಡ್ರೈವಿಗೆ ಹಾಕಿ, ಅವಸರದಲ್ಲಿ ಹಾಗೇ ಎಳೆದುಕೊಂಡರು. ಮರುದಿನ ತೆರೆಯಲಿಲ್ಲ. "ಎಲ್ಲಾ ಹೋಯ್ತು, ಮೊದಲಿಂದ ಬರೀಬೇಕು" ಅಂತ ಕಣ್ಣಲ್ಲಿ ನೀರು ತಂದುಕೊಂಡಿದ್ದರು. "ಮೇಡಂ, ಇನ್ನು ಅದನ್ನ ಮುಟ್ಟಬೇಡಿ, ನನಗೊಂದು ಕಾಪಿ ಕೊಡಿ" ಅಂದೆ.

ನೋಟ್‌ಪ್ಯಾಡಿನಲ್ಲಿ 'ಪಿಕೆ' ಇತ್ತು. ಫೈಲಿನ ಬಾಲ ಮಾತ್ರ ತುಂಡಾಗಿತ್ತು. ಜಿಪ್ ಗಂಟಿನೊಳಗೆ ಯಾವುದು ಎಲ್ಲಿದೆ ಅನ್ನುವ ಪಟ್ಟಿ ಇರುವುದು ಕೊನೆಯಲ್ಲಿ, ಅದೇ ಇಲ್ಲದಿದ್ದರೆ ಎಕ್ಸೆಲ್‌ಗೆ ತಲೆಬುಡ ತಿಳಿಯುವುದಿಲ್ಲ. ಸೆವೆನ್‌ಜಿಪ್ ಅನ್ನುವ ಉಚಿತ ಸಾಫ್ಟ್‌ವೇರಿನಿಂದ ಬಿಚ್ಚಿದೆ, ಅದು ದೋಷ ತೋರಿಸಿದರೂ ಇದ್ದಷ್ಟನ್ನು ಹೊರಗೆ ಹಾಕಿತು. ಹಾಳೆಗಳೆಲ್ಲ ಬಂದವು. ಆದರೆ ಹೆಸರಿನ ಕಾಲಂನಲ್ಲಿ ಹೆಸರುಗಳೇ ಇಲ್ಲ, ಬರೀ 14, 3, 22, ಮತ್ತೆ 14 ಅಂತ ಅಂಕಿಗಳು. ಎಕ್ಸೆಲ್ ಸಾಮಾನ್ಯವಾಗಿ ಪದಗಳನ್ನು ಹಾಳೆಯೊಳಗೆ ಇಡುವುದಿಲ್ಲ, ಎಲ್ಲಾ ಪದಗಳನ್ನೂ ಇನ್ನೊಂದು ಫೈಲಿನಲ್ಲಿ ಪಟ್ಟಿ ಮಾಡಿ, ಸೊನ್ನೆಯಿಂದ ಎಣಿಸಿ, ಹಾಳೆಯಲ್ಲಿ ಆ ನಂಬರು ಮಾತ್ರ ಬರೆದುಕೊಳ್ಳುತ್ತದೆ. ಆ ಪದಗಳ ಪಟ್ಟಿ ತುಂಡಾದ ಬಾಲದ ಜೊತೆ ಹೋಗಿತ್ತು. ತಾರೀಕಿನ ಕಾಲಂನಲ್ಲಿ 45292 ಅಂತ ಇತ್ತು, ಮೇಡಂ ಅದನ್ನು ನೋಡಿ ಕಸ ಅಂದುಕೊಂಡರು. ಅದು 2024ರ ಜನವರಿ 1. 1900ರ ಜನವರಿ 1ನ್ನು ಒಂದನೇ ದಿನ ಅಂತ ಇಟ್ಟುಕೊಂಡು ಎಕ್ಸೆಲ್ ಹಾಗೆ ಲೆಕ್ಕ ಇಡುತ್ತದೆ.

ಅವರ ಬೀರುವಿನಲ್ಲಿ ಒಂದು ತಿಂಗಳ ಪ್ರಿಂಟ್ ಇತ್ತು. ಅದನ್ನು ಪಕ್ಕದಲ್ಲಿ ಇಟ್ಟುಕೊಂಡು ಮೊತ್ತ, ತಾರೀಕು ತಾಳೆ ನೋಡಿ 14 ಅಂದರೆ ಯಾರು, 3 ಅಂದರೆ ಯಾರು ಅಂತ ಗುರುತು ಹಾಕುತ್ತಾ ಹೋದೆವು. ಒಂದು ನಂಬರು ಯಾರದು ಅಂತ ಗೊತ್ತಾದರೆ ಎರಡು ವರ್ಷದ ಎಲ್ಲಾ ಸಾಲುಗಳಲ್ಲೂ ಅದು ಅದೇ ಹೆಸರು. ಪಟ್ಟಿ ಮುಗಿದ ಮೇಲೆ, ನಂಬರು ಕೊಟ್ಟರೆ ಪಟ್ಟಿಯಿಂದ ಹೆಸರು ಹುಡುಕಿ ತರುವ ವಿಲುಕಪ್ ಅನ್ನುವ ಎಕ್ಸೆಲ್ ಫಾರ್ಮುಲಾ ಹಾಕಿದಾಗ ಹೆಸರುಗಳು ಮೇಲಿಂದ ಕೆಳಗೆ ಒಂದೊಂದೇ ತುಂಬಿಕೊಂಡವು, ಮೇಡಂ ಕುರ್ಚಿಯಿಂದ ಎದ್ದು ನಿಂತು ನೋಡಿದರು. ಆ ಪ್ರಿಂಟಿನಲ್ಲಿ ಇಲ್ಲದ ಮೂರು ನಂಬರುಗಳಿಗೆ ಮಾತ್ರ ಹೆಸರು ಸಿಗಲಿಲ್ಲ, ರಸೀದಿ ಪುಸ್ತಕ ನೋಡಿ ಅವರೇ ತುಂಬಿದರು.

ಇಷ್ಟೆಲ್ಲ ಕಷ್ಟ ಬೇಡ ಅನ್ನುವವರಿಗೆ ಎಕ್ಸೆಲ್‌ನಲ್ಲೇ ಒಂದು ಸೌಲಭ್ಯ ಇದೆ. ಸೇವ್ ಆ್ಯಸ್ ಪೆಟ್ಟಿಗೆಯಲ್ಲಿ ಟೂಲ್ಸ್, ಅದರೊಳಗೆ ಜನರಲ್ ಆಪ್ಶನ್ಸ್, ಅಲ್ಲಿ 'ಆಲ್ವೇಸ್ ಕ್ರಿಯೇಟ್ ಬ್ಯಾಕಪ್' ಅಂತ ಇದೆ. ಅದಕ್ಕೆ ಟಿಕ್ ಹಾಕಿದರೆ ಪ್ರತಿ ಸಲ ಸೇವ್ ಮಾಡುವಾಗಲೂ ಹಿಂದಿನ ಪ್ರತಿ ಪಕ್ಕದಲ್ಲೇ ಉಳಿಯುತ್ತದೆ. ಇನ್ನೊಂದು ಮಾತು, ಆನ್‌ಲೈನಿನಲ್ಲಿ ಫೈಲ್ ರಿಪೇರಿ ಮಾಡಿಕೊಡುತ್ತೇವೆ ಅನ್ನುವ ಕಡೆಗೆಲ್ಲ ಸುಮ್ನೆ ಅಪ್‌ಲೋಡ್ ಮಾಡಬೇಡಿ. ಅದರಲ್ಲಿ ಜನರ ಹೆಸರು, ಸಂಬಳ, ಬ್ಯಾಂಕ್ ಖಾತೆ ಇರುತ್ತದೆ, ಅದು ನಮ್ಮೊಬ್ಬರ ಆಸ್ತಿ ಅಲ್ಲ.

ಸಾಫ್ಟ್‌ವೇರ್ ಮಾಡುವವರಲ್ಲಿ ನನ್ನ ಕೋರಿಕೆ ಇದು. ಫೈಲ್ ತುಂಡಾಗಿದ್ದರೆ ತುಂಡಾಗಿದೆ ಅನ್ನಿ, ಬೇರೆ ಜಾತಿಯದಾದರೆ ಹಾಗಂತ ಹೇಳಿ, ಅದನ್ನು ಕನ್ನಡದಲ್ಲೂ ಹೇಳಿ, ರಿಪೇರ್ ಬಟನ್ನನ್ನು ಬಾಣದ ಗುರುತಿನ ಹಿಂದೆ ಬಚ್ಚಿಡದೆ ಆ ಪೆಟ್ಟಿಗೆಯಲ್ಲೇ ಇಡಿ. ನಿಮ್ಮಲ್ಲಿ ಕೋರಿಕೆ, ವಾರಕ್ಕೊಮ್ಮೆ ಇಂಥ ವಿಷಯಗಳಿಗೆ ಅರ್ಧ ಕಾಲಂ ಜಾಗ ಕೊಡಿ. ಮೇಡಂ ಅವರ ಫೈಲ್ ಬಿಚ್ಚಿದ ಕ್ರಮವನ್ನು ಹಂತ ಹಂತವಾಗಿ ಬರೆದುಕೊಡಲು ನಾನು ತಯಾರಿದ್ದೇನೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬರು