ಹ್ಯಾಕಿಂಗ್ ಕಲಿಯುವವರಿಗೆ ಲ್ಯಾಬ್ ಬೇಕು

ಸಂಪಾದಕರೇ,

ನಮ್ಮ ಬದಿಯಡ್ಕ, ಕುಂಬಳೆ ಕಡೆಯ ಹುಡುಗರಿಗೆ ಹ್ಯಾಕಿಂಗ್ ಹುಚ್ಚು ಜಾಸ್ತಿ. ಒಳ್ಳೆಯದೇ. ಆದರೆ ವಿಡಿಯೊ ನೋಡಿ ಸುಮ್ನೆ ಯಾರದ್ದೋ ವೆಬ್‌ಸೈಟ್ ಕೆದಕಿದರೆ ಕಷ್ಟ. ವಂಚನೆಯ ಉದ್ದೇಶ ಸಾಬೀತಾದರೆ 2000ದ ಐಟಿ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ 3 ವರ್ಷದವರೆಗೆ ಜೈಲು ಇದೆ. ಉದ್ದೇಶ ಕೆಟ್ಟದಿಲ್ಲದಿದ್ದರೂ 43ನೇ ಸೆಕ್ಷನ್‌ನಲ್ಲಿ ಪರಿಹಾರ ಕಟ್ಟಬೇಕಾಗಬಹುದು.

ಕಲಿಯಲು ಇನ್ನೊಬ್ಬರ ಕಂಪ್ಯೂಟರ್ ಬೇಕಾಗಿಯೇ ಇಲ್ಲ. 8 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಸಾಕು. ಅದರಲ್ಲಿ ಒಂದೇ ಲ್ಯಾಪ್‌ಟಾಪ್ ಒಳಗೆ ಹಲವು ನಕಲಿ ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿ, ಒಂದು ಕಡೆ ಭದ್ರತೆ ಪರೀಕ್ಷಿಸುವ ಸಾಧನಗಳಿರುವ 'ಕಾಲಿ ಲಿನಕ್ಸ್' ಎಂಬ ಆಪರೇಟಿಂಗ್ ಸಿಸ್ಟಂ, ಇನ್ನೊಂದು ಕಡೆ ಬೇಕೆಂದೇ ಭದ್ರತೆಯಲ್ಲಿ ತೂತು ಬಿಟ್ಟು ಮಾಡಿದ ಅಭ್ಯಾಸದ ಕಂಪ್ಯೂಟರ್ ಮೆಟಾಸ್ಪ್ಲಾಯ್ಟಬಲ್ 2 ಇಟ್ಟು, ನೆಟ್‌ವರ್ಕ್ ಅನ್ನು 'ಹೋಸ್ಟ್ ಓನ್ಲಿ' ಮಾಡಿದರೆ ಆಟವೆಲ್ಲ ಆ ಲ್ಯಾಪ್‌ಟಾಪ್ ಒಳಗೇ ಮುಗಿಯುತ್ತದೆ. ಎಲ್ಲವೂ ಪುಕ್ಕಟೆ. ಕಂಪ್ಯೂಟರ್‌ನಲ್ಲಿ ಯಾವ ಸೇವೆಗಳು ತೆರೆದಿವೆ ಎಂದು ತೋರಿಸುವ ಎನ್‌ಮ್ಯಾಪ್ ಓಡಿಸಿದರೆ ಮೆಟಾಸ್ಪ್ಲಾಯ್ಟಬಲ್‌ನಲ್ಲಿ ಕಡತ ವರ್ಗಾಯಿಸುವ ವಿಎಸ್ಎಫ್‌ಟಿಪಿಡಿ 2.3.4 ಸಾಫ್ಟ್‌ವೇರ್ ಕಾಣುತ್ತದೆ. 2011ರಲ್ಲಿ ಯಾರೋ ಅದರ ಡೌನ್‌ಲೋಡ್ ಕಡತದಲ್ಲೇ ಕಳ್ಳಬಾಗಿಲು ಸೇರಿಸಿಬಿಟ್ಟಿದ್ದರು!

ತೂತುಗಳ ಪಟ್ಟಿ ಮಾಡುವುದು ಒಂದು ಕೆಲಸ, ಅದರಲ್ಲಿ ನಿಜಕ್ಕೂ ನುಗ್ಗಬಹುದೇ ಎಂದು ಅನುಮತಿ ಪಡೆದು ನೋಡುವುದು ಇನ್ನೊಂದು. ತೂತು ಹುಡುಕುವ ಸ್ಕ್ಯಾನರ್ ಸಾಫ್ಟ್‌ವೇರ್ ಹೇಳಿದ್ದೆಲ್ಲ ನಿಜವಲ್ಲ, ಸುಳ್ಳು ಎಚ್ಚರಿಕೆಗಳೂ ಇರುತ್ತವೆ. ಕೊನೆಗೆ ವರದಿ ಬರೆಯಬೇಕು. ಅದು ಯಾರಿಗೂ ಇಷ್ಟವಿಲ್ಲ, ಆದರೆ ಸಂಬಳ ಬರುವುದು ಅದಕ್ಕೇ ಅಲ್ವಾ?

ಕೇರಳದ ಶಾಲೆಗಳಲ್ಲಿ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೈಟ್‌ನವರ ಲಿನಕ್ಸ್ ಇದೆ, ಮಕ್ಕಳ ಐಟಿ ಕ್ಲಬ್ ಲಿಟಲ್ ಕೈಟ್ಸ್ ಇದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಥ ಲ್ಯಾಬನ್ನು ಕನ್ನಡದಲ್ಲೇ ಹೇಳಿಕೊಡುವ ರಜಾ ಶಿಬಿರವನ್ನು ಶಿಕ್ಷಣ ಇಲಾಖೆ ನಡೆಸಬೇಕು, ಕಾನೂನಿನ ಪಾಠದಿಂದಲೇ ಶುರುಮಾಡಿ.

– ಓರ್ವ ಓದುಗ, ಬದಿಯಡ್ಕ, ಕಾಸರಗೋಡು