ಪದವಿನ ವಿಮಾನ ನನ್ನದೇ. ಉಬ್ಬಿದ ಬ್ಯಾಟರಿಯನ್ನು ಯಾರಿಗೆ ಕೊಡಲಿ?

ಮಾನ್ಯ ಸಂಪಾದಕರೇ,

ನಮ್ಮೂರಿನ ಪದವಿನಲ್ಲಿ, ಎಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಬೆಳ್ಳಂಬೆಳಗ್ಗೆ ಡ್ರೋನ್ ಹಾರಿಸುವವರ ಮೇಲೆ ಕ್ರಮ ಕೈಗೊಳ್ಳಬೇಕೆಂದು ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ಆ ಅಪರಾಧಿ ನಾನು. 31 ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಜತೆಗಿರುವ ಹುಡುಗ ಎಂಟನೆಯ ತರಗತಿಯ ನನ್ನ ಮೊಮ್ಮಗ. ನಾವು ಹಾರಿಸುವುದು ನಾಲ್ಕು ಪಂಖಗಳ ಡ್ರೋನ್ ಅಲ್ಲ, ಫೋಮಿನಿಂದ ಮಾಡಿದ ಪುಟ್ಟ ವಿಮಾನ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಎರಡು ಅಡಿ, ಬ್ಯಾಟರಿ ಸೇರಿ ತೂಕ 160 ಗ್ರಾಂ. ಕ್ಯಾಮೆರಾ ಇಲ್ಲದ್ದರಿಂದ ಯಾರ ಅಂಗಳದಲ್ಲಿ ಎಷ್ಟು ಅಡಿಕೆ ಒಣಗುತ್ತಿದೆ ಎಂಬುದು ಅದಕ್ಕೆ ಕಾಣುವುದಿಲ್ಲ.

ಹಾಗೆಂದು ಕಾನೂನಿನಿಂದ ನುಣುಚಿಕೊಳ್ಳುತ್ತಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಇದೂ ಚಾಲಕರಹಿತ ವಿಮಾನವೇ. 250 ಗ್ರಾಂ ಮೀರದ್ದು ‘ನ್ಯಾನೊ’ ವರ್ಗಕ್ಕೆ ಸೇರುತ್ತದೆ, ಹಾರಿಸುವವನಿಗೆ ಪರವಾನಗಿ ಬೇಡ. ಮೊದಲೇ ಅನುಮತಿ ಕೇಳಬೇಕಿಲ್ಲದ ‘ಹಸಿರು ವಲಯ’ದಲ್ಲಿ 400 ಅಡಿಯವರೆಗೆ ಏರಬಹುದು. ನಾನು ಅದರ ಕಾಲುಭಾಗಕ್ಕೇ ನಿಲ್ಲಿಸುತ್ತೇನೆ. ಅದಕ್ಕಿಂತ ಮೇಲೆ ಹೋದರೆ ಮೂತಿ ಯಾವುದು, ಬಾಲ ಯಾವುದು ಎಂದು ನನ್ನ ಕನ್ನಡಕಕ್ಕೆ ತಿಳಿಯುವುದಿಲ್ಲ.

ಆದರೆ ಸದ್ದಿಗೆ ಹಿರಿಯರು ಗಾಬರಿಯಾಗುತ್ತಾರೆ ಎಂದು ಅವರು ಬರೆದ ಸಾಲನ್ನು ಎರಡು ಸಲ ಓದಿದೆ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷದ ಕೀಟನಾಶಕ ಸುರಿಸಿದ ಜಿಲ್ಲೆ ನಮ್ಮ ಕಾಸರಗೋಡು. ಮೊದಲ ಸಲ ವಿಮಾನ ಹಾರಿಸಿದ ದಿನ ಪದವಿನ ಕೆಳಗಿನ ಮನೆಯ ಅಜ್ಜಿ ಅಂಗಳಕ್ಕೆ ಬಂದು ಕೇಳಿದ್ದು ಒಂದೇ ಮಾತು: “ಮಾಷ್ಟ್ರೇ, ಬಾವಿ ಮುಚ್ಚಬೇಕೇ?” ಸಿಂಪಡಣೆಗೆ ಮುಂಚೆ ಬಾವಿ ಮುಚ್ಚಿಕೊಳ್ಳಿ ಎಂದು ಆಗ ಹೇಳುತ್ತಿದ್ದರು. ನಾನು ವಿಮಾನವನ್ನು ಅವರ ಅಂಗೈ ಮೇಲೆ ಇಟ್ಟೆ. “ಹಪ್ಪಳದಷ್ಟೂ ಭಾರ ಇಲ್ಲವಲ್ಲ” ಎಂದರು. ಅಂದಿನಿಂದ ಆ ಮನೆಯ ಕಡೆಗೆ ಅದನ್ನು ತಿರುಗಿಸಿಲ್ಲ.

ಪತ್ರ ಬರೆದವರೂ ಭಾನುವಾರ ಬೆಳಗ್ಗೆ ಆರೂವರೆಗೆ ಬರಲಿ. ತಡಮಾಡಿದರೆ ಕಡಲಗಾಳಿ ಏಳುತ್ತದೆ, ಆಮೇಲೆ ನಮ್ಮ ವಿಮಾನವೂ ತರಗೆಲೆಯೂ ಒಂದೇ. ಮೊಮ್ಮಗ ಮೂರು ದಿನಗಳಲ್ಲಿ ಕಲಿತದ್ದಕ್ಕೆ ನನಗೆ ಮೂರು ವಾರ ಬೇಕಾಯಿತು. ಎದುರು ಬರುವ ವಿಮಾನಕ್ಕೆ ಎಡ-ಬಲ ಅದಲುಬದಲಾಗುತ್ತದೆ. ಆಗ ಯಾವ ರೆಕ್ಕೆ ವಾಲುತ್ತದೆಯೋ ಆ ಕಡೆಗೇ ರಿಮೋಟಿನ ಕಡ್ಡಿ ದೂಡಿದರೆ ಅದು ನೆಟ್ಟಗಾಗುತ್ತದೆ. ಇದನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬೇಕಾದರೂ ಬಿಡಿಸಿ ತೋರಿಸಬಲ್ಲೆ. ಆದರೂ ಎರಡನೆಯ ವಾರ ಅದನ್ನು ನೆರೆಮನೆಯ ಅಡಿಕೆ ಮರದ ತಲೆಗೆ ಸಿಕ್ಕಿಸಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿಯಿಂದ ಅವರು ಅದನ್ನು ಬಿಡಿಸಿ ಕೊಟ್ಟರು. ವಿಮಾನದ ರೆಕ್ಕೆಯೊಳಗಿನ ಕಡ್ಡಿಯೂ ಕಾರ್ಬನ್ ಫೈಬರಿನದ್ದೇ ಎಂದಾಗ ಅವರಿಗೆ ವಿಮಾನದ ಮೇಲೆ ಗೌರವ ಹುಟ್ಟಿತು. ನನ್ನ ಮೇಲಲ್ಲ.

ಇಷ್ಟುದ್ದ ಪೀಠಿಕೆ ಹಾಕಿದ್ದು ಬೇರೆ ಕಾರಣಕ್ಕೆ. ಓದುಗರು ದೂರಬೇಕಾಗಿದ್ದದ್ದು ಇದರ ಬ್ಯಾಟರಿಯನ್ನು.

ಗಲ್ಫಿನಲ್ಲಿರುವ ಮಗ ರಜೆಗೆ ಬರುವಾಗ ಇದನ್ನು ತಂದ. ಪೆಟ್ಟಿಗೆಯನ್ನು ದೊಡ್ಡ ಸಾಮಾನಿನೊಂದಿಗೆ ಹಾಕಿದರೂ ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲೇ ತರಬೇಕಾಯಿತು. ದೊಡ್ಡ ವಿಮಾನದ ಹೊಟ್ಟೆಯೊಳಗೆ ಯಾರ ಕಣ್ಣಿಗೂ ಬೀಳದೆ ಅದು ಹೊತ್ತಿಕೊಂಡರೆ ಎಂಬ ಭಯಕ್ಕೆ ಆ ನಿಯಮ. ಬೆಂಕಿಪೆಟ್ಟಿಗೆಗಿಂತ ಚಿಕ್ಕ ವಸ್ತು: 7.4 ವೋಲ್ಟ್, 300 ಮಿಲಿಆಂಪಿಯರ್-ಗಂಟೆಯ ಲಿಥಿಯಂ ಪಾಲಿಮರ್, ಒಳಗೆ ಎರಡು ಸೆಲ್. ಪೂರ್ತಿ ತುಂಬಿದಾಗ ಒಂದೊಂದು ಸೆಲ್ 4.2 ವೋಲ್ಟ್. 3ಕ್ಕಿಂತ ಕೆಳಗೆ ಇಳಿದರೆ ಕೆಟ್ಟಿತೆಂದೇ ಲೆಕ್ಕ. ಹಾರಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬಾರದು, ಬಿಸಿ ಆರಬೇಕು. ಸಿಮೆಂಟು ಜಗಲಿಯ ಮೇಲಿಟ್ಟು 0.3 ಆಂಪಿಯರಿನಲ್ಲಿ ತುಂಬಿಸುತ್ತೇನೆ. ಸುಮಾರು ಒಂದು ಗಂಟೆ ಹಿಡಿಯುತ್ತದೆ, ನಿಮ್ಮ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸುವಷ್ಟು ಹೊತ್ತು. ಅಲ್ಲಿಂದ ಏಳುವುದಿಲ್ಲ.

ಇಷ್ಟು ಜಾಗ್ರತೆ ಮಾಡಿದವನು ಒಂದು ಕಡೆ ಎಡವಿದೆ. ಕಳೆದ ಮಳೆಗಾಲದ ಆರಂಭದಲ್ಲಿ, ನಾಳೆ ಹೊಳವಾದರೆ ಹಾರಿಸೋಣ ಎಂದು ಎರಡು ಬ್ಯಾಟರಿಗಳನ್ನೂ ಪೂರ್ತಿ ತುಂಬಿಸಿ ಅಲಮಾರಿನಲ್ಲಿಟ್ಟೆ. ನಮ್ಮ ಕಡೆಯ ಮಳೆ ನಿಮಗೆ ಗೊತ್ತಲ್ಲ. ಎರಡೂವರೆ ತಿಂಗಳ ಮೇಲೆ ತೆಗೆದು ನೋಡಿದರೆ ಬಾಣಲೆಯಲ್ಲಿ ಉಬ್ಬಲು ಹೊರಟ ಪೂರಿಯ ಹಾಗೆ ಎರಡೂ ಹೊಟ್ಟೆ ಉಬ್ಬಿಸಿಕೊಂಡಿದ್ದವು. ಬೆರಳಿಟ್ಟರೆ ಮೆತ್ತಗೆ, ಒಳಗೆ ಅನಿಲ. ವಾರಗಟ್ಟಲೆ ಇಡುವುದಾದರೆ ಸೆಲ್ಲಿಗೆ ಸುಮಾರು 3.8 ವೋಲ್ಟಿನಲ್ಲಿ, ಎಂದರೆ ಅರ್ಧ ಹೊಟ್ಟೆಯಲ್ಲಿ ಇಡಬೇಕು. ಪೆಟ್ಟಿಗೆಯೊಳಗಿನ ಇಂಗ್ಲಿಷ್ ಕಾಗದದ ಸಣ್ಣಕ್ಷರದಲ್ಲಿ ಅದು ಇತ್ತು, ನಾನು ಆಮೇಲೆ ಓದಿದೆ.

ಉಬ್ಬಿದ್ದನ್ನು ಮತ್ತೆ ಚಾರ್ಜ್ ಮಾಡುವಂತಿಲ್ಲ, ಚುಚ್ಚುವಂತಿಲ್ಲ. ಎಲ್ಲಿಡುವುದೆಂದು ನಾನು ಯೋಚಿಸುತ್ತಿರುವಾಗಲೇ ಮನೆಯಾಕೆ ಅವನ್ನು ಹಾಲಿನ ಖಾಲಿ ಲಕೋಟೆಗಳ ಜತೆ ಚೀಲಕ್ಕೆ ಹಾಕಿ ಗೇಟಿನ ಬಳಿ ಇಟ್ಟಿದ್ದಳು. ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮಸೇನೆಯವರು ಬಂದಾಗ ನೆನಪಾಗಿ ಓಡಿದೆ. ಆಗಲೇ ಒಬ್ಬರು ಚೀಲದ ಬಾಯಿ ಕಟ್ಟಿ, ಗಾಡಿಯಲ್ಲಿ ಜಾಗವಾಗಲೆಂದು ಮಂಡಿಯೂರಿ ಅದುಮುತ್ತಿದ್ದರು. ಆ ಮಂಡಿಯ ಕೆಳಗಿದ್ದದ್ದು ಏನೆಂದು ನಾನು ಹೇಳಿದಾಗ ಅವರು ಚೀಲ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ನಾನೇ ಗಂಟು ಬಿಚ್ಚಿ ಹೆಕ್ಕಿದೆ. “ಇಂಥದ್ದನ್ನು ನಾವು ಯಾವುದರಲ್ಲಿ ಹಾಕುವುದು ಮಾಷ್ಟ್ರೇ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಹಳೆಯ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಬೆರೆಸದೆ ಬೇರೆಯಾಗಿಯೇ ಕೊಡಬೇಕಾದ್ದು ಬಳಕೆದಾರನ ಹೊಣೆ ಎನ್ನುತ್ತವೆ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು. ನಾನು ಬೇರೆ ಮಾಡಿದ್ದೇನೆ. ಯಾರಿಗೆ ಕೊಡಲಿ? ವಿಚಾರಿಸಿದಲ್ಲಿ “ಎಲೆಕ್ಟ್ರಾನಿಕ್ಸ್ ತೆಗೆದುಕೊಳ್ಳುವ ತಿಂಗಳಲ್ಲಿ ಕೊಡಿ” ಎಂದರು. ಯಾವ ತಿಂಗಳು ಎಂದರೆ ಒಂದು ಹಾಳೆ ಕೊಟ್ಟರು, ಇಡೀ ಹಾಳೆ ಮಲಯಾಳದಲ್ಲಿ. ನಾನು ಅಕ್ಷರ ಕೂಡಿಸಿ ಓದಬಲ್ಲೆ. ಚೀಲ ಕಟ್ಟಿಡುವವಳು ನನ್ನ ಹೆಂಡತಿ, ಅವಳಿಗೆ ಓದಲು ಬರುವುದಿಲ್ಲ. ಹಾಳೆಯಲ್ಲಿ ಬಲ್ಬು, ಟ್ಯೂಬು, ಟಿವಿ ಇವೆ. ಉಬ್ಬಿದ ಬ್ಯಾಟರಿಯ ಮಾತಿಲ್ಲ. ನನ್ನದು ಆಟಿಕೆ ಎಂದು ತಳ್ಳಿಹಾಕಬೇಡಿ. ಹಳೆಯ ಮೊಬೈಲುಗಳಲ್ಲಿ, ಪವರ್ ಬ್ಯಾಂಕುಗಳಲ್ಲಿ ಇರುವುದು ಇದರ ಅಣ್ಣತಮ್ಮಂದಿರೇ.

ಕೇಳುವುದು ದೊಡ್ಡದೇನಲ್ಲ. ಕರ್ಮಸೇನೆಯವರ ಗಾಡಿಯಲ್ಲಿ ಮರಳು ಹಾಕಿದ ಒಂದು ಮುಚ್ಚಳದ ಡಬ್ಬಿ, ಅದಕ್ಕೆ ಏನು ಹಾಕಬೇಕೆಂದು ಅವರಿಗೆ ಅರ್ಧ ಗಂಟೆಯ ತರಬೇತಿ, ಮನೆಗಳಿಗೆ ಕೊಡುವ ಹಾಳೆಯ ಹಿಂಬದಿಯಲ್ಲಿ ಕನ್ನಡ. ಹಿಂಬದಿ ಹೇಗೂ ಖಾಲಿ ಇದೆ. ಬರೆದುಕೊಡಲು ನಾನು ಸಿದ್ಧ.

ಈಗ ಆ ಎರಡೂ ಬ್ಯಾಟರಿಗಳು ತಂತಿಯ ತುದಿಗೆ ಟೇಪು ಸುತ್ತಿಸಿಕೊಂಡು, ಕೊಟ್ಟಿಗೆಯಾಚೆಯ ಹಳೆಯ ಮಣ್ಣಿನ ಮಡಕೆಯಲ್ಲಿ ಒಣ ಮರಳಿನ ನಡುವೆ ಇವೆ. ಮೇಲೆ ಹಂಚು ಮುಚ್ಚಿದ್ದೇನೆ. ಒಯ್ಯುವವರು ಬರುವ ದಿನ ತಿಳಿಸಿದರೆ ಮಡಕೆ ಸಮೇತ ಗೇಟಿನ ಬಳಿ ತಂದಿಡುತ್ತೇನೆ.

ಇತಿ,
ನಿವೃತ್ತ ಗಣಿತ ಅಧ್ಯಾಪಕ
ಬದಿಯಡ್ಕ ಸಮೀಪ, ಕಾಸರಗೋಡು ಜಿಲ್ಲೆ