ಕಾಲುವೆಗೆ ಗೋಡೆ ಬಂತು, ನೆರೆಯ ಗೆರೆ ಎಲ್ಲಿ?

ಮಾನ್ಯರೇ,

ಬೆಂಗಳೂರಿನ ರಾಜಕಾಲುವೆಗೆ ಕಾಂಕ್ರೀಟ್ ತಡೆಗೋಡೆ ಎದ್ದ ಕಡೆಯಲ್ಲೆಲ್ಲ ಪಕ್ಕದ ನಿವೇಶನದವರ ಪ್ರಶ್ನೆ ಒಂದೇ: ಇನ್ನು ನಮ್ಮ ಜಾಗಕ್ಕೆ ನೀರು ನುಗ್ಗುವುದಿಲ್ಲ ತಾನೆ? ಗೋಡೆ ನೋಡಿ ಉತ್ತರ ಹೇಳಲಾಗದು, ಲೆಕ್ಕ ಹಾಕಬೇಕು.

ಇಲ್ಲಿ ಎರಡು ಗೆರೆಗಳಿವೆ. ನಗರದ ಮಹಾಯೋಜನೆ 2015ರ ಬಫರ್, ಅಂದರೆ ಕಟ್ಟಡ ಕಟ್ಟದೆ ಬಿಡಬೇಕಾದ ಪಟ್ಟಿ, ಪ್ರಾಥಮಿಕ, ದ್ವಿತೀಯ, ತೃತೀಯ ಹಂತದ ಕಾಲುವೆಗಳಿಗೆ ಕ್ರಮವಾಗಿ ನಡುಮಧ್ಯದಿಂದ 50, 25, 15 ಮೀಟರ್. ಹಸಿರು ನ್ಯಾಯಮಂಡಳಿ 2016ರಲ್ಲಿ ಹಿಗ್ಗಿಸಿದ್ದ ಅಳತೆಯನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದು ಮಾಡಿತು. ಇದು ಟೇಪಿನಿಂದ ಅಳೆಯುವ ಗೆರೆ. ಗೋಡೆ ಕಟ್ಟಿದ ಮಾತ್ರಕ್ಕೆ ಕದಲದು. ನೆರೆಯ ಗೆರೆ, ಅಂದರೆ ಪ್ರವಾಹದ ನೀರು ಮುಟ್ಟುವ ಅಂಚು, ಹಾಗಲ್ಲ, ಅದು ನೀರಿನ ಮಟ್ಟಕ್ಕೆ ತಕ್ಕಂತೆ ಸರಿಯುತ್ತದೆ. 200 ಮೀಟರಿಗೆ 1 ಮೀಟರ್ ಇಳಿಜಾರಿನ ನೆಲದಲ್ಲಿ ನೀರು 30 ಸೆಂ.ಮೀ. ಏರಿದರೆ ಗೆರೆ 60 ಮೀಟರ್ ಒಳಕ್ಕೆ ಬರುತ್ತದೆ.

ಉದಾಹರಣೆಗೆ, 500 ಎಕರೆಯ ಮೇಲೆ ಗಂಟೆಗೆ 75 ಮಿ.ಮೀ. ಮಳೆ ಬಿತ್ತೆನ್ನಿ. ಅರ್ಧದಷ್ಟು ಹರಿದು ಬಂದರೆ ಸೆಕೆಂಡಿಗೆ ಸುಮಾರು 21 ಘನ ಮೀಟರ್. ಬಡಾವಣೆಗಳೆದ್ದು ಶೇ 80ರಷ್ಟು ಹರಿದರೆ 34. ಆರು ಮೀಟರ್ ಅಗಲ, ಎರಡು ಮೀಟರ್ ಆಳ, 500ಕ್ಕೆ 1 ಇಳಿಜಾರಿನ ಕಾಲುವೆಯಲ್ಲಿ ಗಿಡಗಂಟಿ ಬೆಳೆದಿದ್ದರೆ ಸಾಗುವುದು 17 ಮಾತ್ರ. ಅದಕ್ಕೇ ನಯವಾದ ಕಾಂಕ್ರೀಟ್ ಮಾಡಿದರೆ 40. ಗುತ್ತಿಗೆದಾರರ ಲೆಕ್ಕ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ತಳದಲ್ಲಿ ಅರ್ಧ ಮೀಟರ್ ಹೂಳು ಕೂರಲಿ, 40 ಇದ್ದದ್ದು 27ಕ್ಕೆ ಇಳಿಯುತ್ತದೆ. ಹರಿದು ಬರುವ 34ರಲ್ಲಿ ಮಿಕ್ಕ 7 ಘನ ಮೀಟರ್ ಗೋಡೆ ದಾಟಿ ಹೊರಗೆ.

ಕಾಲುವೆ ಮುಂದೆ ರಸ್ತೆ ದಾಟುವ ಮೋರಿ ಕಿರಿದಾಗಿದ್ದರೂ ಅಥವಾ ಅದರೊಳಗೆ ಕೇಬಲ್, ನೀರಿನ ಪೈಪ್ ಅಡ್ಡ ಹಾದಿದ್ದರೂ ನೀರು ಹಿಂದಕ್ಕೆ ಒತ್ತುತ್ತದೆ. ಬಡಾವಣೆಯ ಚರಂಡಿ ಸೇರುವ ಕಿಂಡಿಗೆ ಒಮ್ಮುಖ ಬಾಗಿಲು ಇಲ್ಲದಿದ್ದರೆ ತುಂಬಿದ ಕಾಲುವೆಯ ನೀರು ಅದೇ ಕಿಂಡಿಯಿಂದ ಬೀದಿಗೆ ಬರುತ್ತದೆ. ಬಾಗಿಲಿದ್ದರೆ ಬೀದಿಯ ಮಳೆನೀರೇ ಒಳಗೆ ನಿಲ್ಲುತ್ತದೆ. ಅದಕ್ಕೆ ಪಂಪ್ ಬೇಕು. ಇನ್ನು ಮೇಲ್ಭಾಗದಲ್ಲಿ ಬೇಗ ಸಾಗಿದ ನೀರು ಕೆಳಭಾಗವನ್ನು ಬೇಗ, ಒಟ್ಟಿಗೆ ಮುಟ್ಟುತ್ತದೆ: ಮೇಲಿನವರ ಜಾಗ ನೆರೆಯಿಂದ ಬಿಡುಗಡೆಯಾದರೆ ಕೆಳಗಿನವರದು ಹೊಸದಾಗಿ ಸೇರುತ್ತದೆ.

ಆದ್ದರಿಂದ ಅಳತೆಯನ್ನು ವಿನ್ಯಾಸ ನಕ್ಷೆಯಿಂದಲ್ಲ, ಕಟ್ಟಿ ಮುಗಿದ ಕಾಲುವೆಯಿಂದಲೇ ತೆಗೆಯಬೇಕು. ಪ್ರತಿ 25 ಮೀಟರಿಗೊಂದು ಅಡ್ಡಕೊಯ್ತ (ಕಾಲುವೆಯ ಅಗಲ, ಆಳದ ಅಡ್ಡ ಅಳತೆ), ಪ್ರತಿ ಮೋರಿಯ ತಳಮಟ್ಟ ಮತ್ತು ಅಗಲ, ಎರಡೂ ದಂಡೆಯ ನಿವೇಶನಗಳ ನೆಲಮಟ್ಟ, ಎಲ್ಲವನ್ನೂ ಸಮುದ್ರಮಟ್ಟದಿಂದ ಎತ್ತರ ಗೊತ್ತಿರುವ ಒಂದೇ ಗುರುತಿನಿಂದ (ಬೆಂಚ್‌ಮಾರ್ಕ್) ಅಳೆದಿರಬೇಕು. ಕಾಲುವೆ ಕೆರೆಗೆ ಬೀಳುವಲ್ಲಿ ಕೆರೆ ಕೋಡಿ ಬಿದ್ದಾಗಿನ ಮಟ್ಟವನ್ನೇ ಹಿಡಿಯಬೇಕು. ಮೊದಲು ಹಳೆಯ ಕಾಲುವೆಯ ಅಳತೆ ಹಾಕಿ, ಸೆಪ್ಟೆಂಬರ್ 2022ರ ನೆರೆ ಯಮಲೂರು, ಬೆಳ್ಳಂದೂರು ಕಡೆಯ ಗೋಡೆಗಳ ಮೇಲೆ ಬಿಟ್ಟ ಕಲೆಗೆ ಲೆಕ್ಕ ಹೊಂದುತ್ತದೆಯೇ ನೋಡಬೇಕು. ಹೊಂದದಿದ್ದರೆ ಹೊಸ ಗೆರೆಯನ್ನೂ ನಂಬುವಂತಿಲ್ಲ. ಹೊಸ ಗೆರೆಯನ್ನು ಎರಡು ಸಲ ಎಳೆಯಬೇಕು, ಹೂಳು ತೆಗೆದಾಗ ಒಂದು, ಹೂಳು ತುಂಬಿದಾಗ ಒಂದು. ಮನೆಯ ಪಾಯದ ಮಟ್ಟ ನಿಗದಿಗೆ ಎರಡನೆಯದೇ ಆಧಾರ.

ಕಾಲುವೆ ಕಾಮಗಾರಿಯ ಅಂತಿಮ ಬಿಲ್ ಪಾವತಿಗೆ ಮುಂಚೆ ನೆರೆಯ ಈ ಎರಡೂ ಗೆರೆಗಳನ್ನು ಗ್ರಾಮ ನಕ್ಷೆಯ ಮೇಲೆ ಸರ್ವೆ ನಂಬರ್‌ ಸಮೇತ ಮೂಡಿಸಿ ವಾರ್ಡ್ ಕಚೇರಿಯಲ್ಲಿ ತೂಗುಹಾಕಲಿ.

— ಸಿವಿಲ್ ಎಂಜಿನಿಯರ್, ಬೆಂಗಳೂರು